ಶ್ಯಾಲೆ ಅಂದರೆ ಶಾಲೆ ಅಲ್ಲ: ಕಕ್ಕಬ್ಬೆಯಲ್ಲಿ ಮನೆ ಹಿಡಿದು ತಡಿಯಂಡಮೋಳ್ ಹತ್ತಿದ್ದು

"ಅಲ್ಲಮ್ಮಾ, ಅಷ್ಟು ದುಡ್ಡು ಕೊಟ್ಟು ಯಾರಾದ್ರೂ ಶಾಲೆಯಲ್ಲಿ ಮಲಗ್ತಾರಾ?" ಅಂತ ಅತ್ತೆ ಕೇಳಿದರು. ತಪ್ಪು ಅವರದ್ದಲ್ಲ. ಜಾಹೀರಾತಿನಲ್ಲಿ ಇದ್ದದ್ದೇ ಹಾಗೆ: ಕೊಡಗಿನ ಬೆಟ್ಟದಲ್ಲಿ ನವೀಕರಿಸಿದ ಶ್ಯಾಲೆ, ಹತ್ತು ಜನಕ್ಕೆ ಜಾಗ, ಚಾರಣಕ್ಕೆ ಬರುವವರಿಗೆ ಅನುಕೂಲ. ನಾನು ಓದಿ ಹೇಳುವಾಗ ಅದು ಶಾಲೆಯೇ ಆಗಿತ್ತು. ಆಮೇಲೆ ಭಾವನ ಮಗಳು ಬಿಡಿಸಿ ಹೇಳಿದಳು. ಆಲ್ಪ್ಸ್ ಬೆಟ್ಟಗಳಲ್ಲಿ ದನ ಕಾಯುವವರು ಬೇಸಿಗೆಯಲ್ಲಿ ಉಳಿಯುತ್ತಿದ್ದ ಮರದ ಮನೆಗೆ ಆ ಹೆಸರಂತೆ, ಈಗ ಅಂಥವನ್ನು ರಿಪೇರಿ ಮಾಡಿಸಿ ಚಳಿಗಾಲದಲ್ಲಿ ಸ್ಕೀ ಆಡಲು ಬರುವವರಿಗೆ, ಬೇಸಿಗೆಯಲ್ಲಿ ಬೆಟ್ಟ ಹತ್ತುವವರಿಗೆ ಬಾಡಿಗೆಗೆ ಕೊಡುತ್ತಾರಂತೆ. ನನ್ನ ಮಗ ಅಷ್ಟನ್ನೇ ಹಿಡಿದುಕೊಂಡ. ಹಾಗಾದ್ರೆ ಕೊಡಗಲ್ಲಿ ಸ್ಕೀ ಎಲ್ಲಿ ಆಡೋದು? "ಅದಕ್ಕೆ ಗುಲ್ಮಾರ್ಗ್‌ಗೋ ಔಲಿಗೋ ಹೋಗ್ಬೇಕು ಕಣೋ. ಕೊಡಗಲ್ಲಿ ಜಾರೋದು ಮಳೆಗಾಲದಲ್ಲಿ, ಅದೂ ಬೇಡ ಬೇಡ ಅಂದ್ರೂ" ಅಂದರು ಭಾವ.

ನಾವು ಮೈಸೂರಿನವರು. ಒಂಬತ್ತು ಜನ. ನಾನು, ನಮ್ಮನೆಯವರು, ಎರಡು ಮಕ್ಕಳು, ಅತ್ತೆ, ಭಾವ, ಓರಗಿತ್ತಿ, ಅವರ ಮಗಳು, ಜೊತೆಗೆ ಅಮೆರಿಕದಿಂದ ರಜೆಗೆ ಬಂದಿದ್ದ ನಮ್ಮನೆಯವರ ಚಿಕ್ಕಪ್ಪನ ಮಗ. ಜನವರಿ 26 ಸೋಮವಾರ ಬಂದಿತ್ತು, ಮೂರು ದಿನ ಒಟ್ಟಿಗೆ ರಜ. ಶುಕ್ರವಾರ ಸಂಜೆ ಹೋಗಿ ಸೋಮವಾರ ವಾಪಸ್ ಬರೋದು, ನಡುವೆ ಒಂದು ದಿನ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಹತ್ತೋದು. ಕೇಳಲು ಸುಲಭ ಅಲ್ವಾ? ಡಿಸೆಂಬರ್ ಎರಡನೇ ವಾರದಲ್ಲಿ ಶುರು ಮಾಡಿದ ಕೆಲಸ ಫೆಬ್ರವರಿಯಲ್ಲಿ ಮುಗಿಯಿತು. ಮುಂದೆ ಹೋಗುವವರು ನಮ್ಮ ಹಾಗೆ ಒದ್ದಾಡಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ಮೂರು ಸಾವಿರ ಹೋಯಿತು.

ಆ ಶ್ಯಾಲೆ ಜಾಹೀರಾತಿನ ನಂಬರಿಗೆ ಫೋನ್ ಮಾಡಿದೆ. ಎತ್ತಿದವನು ಬಹಳ ನಯವಾಗಿ ಮಾತಾಡಿದ. ಫೋಟೋ ಕಳಿಸಿದ. ಹಂಚಿನ ಮನೆ, ಜಗಲಿ ತುಂಬಾ ಕುರ್ಚಿ, ಹಿಂದೆ ಮಂಜು. "ಮೇಡಂ, ಲಾಂಗ್ ವೀಕೆಂಡ್, ಇನ್ನಿಬ್ಬರು ಕೇಳ್ತಿದಾರೆ, ಟೋಕನ್ ಹಾಕಿಬಿಡಿ" ಅಂದ. ಮೂರು ಸಾವಿರ ಯುಪಿಐ ಮಾಡಿದೆ. ದುಡ್ಡು ಹೋದ ಮೇಲೆ ಸ್ಕ್ರೀನ್ ನೋಡಿದರೆ ಅವನು ಹೇಳಿದ ಹೆಸರೇ ಬೇರೆ, ಬ್ಯಾಂಕಿನಲ್ಲಿದ್ದ ಹೆಸರೇ ಬೇರೆ. ಮರುದಿನ ಫೋನ್ ಸ್ವಿಚ್ ಆಫ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ದುಡ್ಡು ಇನ್ನೂ ಬಂದಿಲ್ಲ, ಬರುತ್ತೆ ಅಂತ ನಾನೂ ಕಾಯುತ್ತಿಲ್ಲ.

ಎರಡು ದಿನ ಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ. ದುಡ್ಡಿಗಿಂತ, 'ಇಷ್ಟು ಓದಿದವಳು' ಅಂತ ಎಲ್ಲರೂ ಬಾಯಿಬಿಟ್ಟು ಹೇಳದೆ ಹೇಳ್ತಿದ್ರಲ್ಲ, ಅದು ಚುಚ್ಚುತ್ತಿತ್ತು. ಹಠಕ್ಕೆ ಬಿದ್ದು ಆ ಫೋಟೋವನ್ನೇ ಹಾಕಿ ಹುಡುಕಿದೆ. ನಿಜವಾದ ಮನೆ ಸಿಕ್ಕಿತು! ಕಕ್ಕಬ್ಬೆ ಹತ್ತಿರ, ಕಾಫಿ ತೋಟದೊಳಗೆ. ಯಜಮಾನಿ ಫೋನ್ ಎತ್ತಿ, "ನೀವು ನಾಲ್ಕನೇಯವರು, ನಮ್ಮನೆ ಫೋಟೋ ಕದ್ದು ಯಾರೋ ವ್ಯಾಪಾರ ಮಾಡ್ತಿದಾನೆ" ಅಂದರು. ನಾನು ಇವರನ್ನೂ ನಂಬಲಿಲ್ಲ. ವಿಡಿಯೋ ಕಾಲ್ ಮಾಡಿ ಅಂದೆ. ಪಾಪ, ಅವರು ಫೋನ್ ಹಿಡಿದು ಮನೆಯೆಲ್ಲ ಸುತ್ತಿ, ಅಡುಗೆಮನೆ, ಬಚ್ಚಲು, ಗೋಡೆಗೆ ತೂಗು ಹಾಕಿದ್ದ ಹೋಂಸ್ಟೇ ನೋಂದಣಿ ಪತ್ರ ಎಲ್ಲ ತೋರಿಸಿದರು. ನೀವೂ ಇಷ್ಟು ಮಾಡಿ, ನಾಚಿಕೆ ಬೇಡ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಕೇಳಿ. ಯಾವ ಪಂಚಾಯಿತಿ, ಹತ್ತಿರದ ಬಸ್ ಸ್ಟಾಪ್ ಯಾವುದು ಕೇಳಿ. ಅಲ್ಲೇ ಇರುವವರಿಗೆ ಉತ್ತರ ನಾಲಿಗೆ ತುದಿಯಲ್ಲಿರುತ್ತೆ, ಕದ್ದ ಫೋಟೋದವನು ತಡವರಿಸುತ್ತಾನೆ.

ಬಾಡಿಗೆ ರಾತ್ರಿಗೆ 12,000. ಮೂರು ರಾತ್ರಿಗೆ 36,000. ಅರ್ಧ ಮುಂಗಡ, ಮೇಲೆ 5,000 ಡೆಪಾಸಿಟ್. ಹೋಗುವ ದಿನಕ್ಕೆ ಹದಿನೈದು ದಿನಕ್ಕಿಂತ ಕಡಿಮೆ ಇರುವಾಗ ರದ್ದು ಮಾಡಿದರೆ ಮುಂಗಡ ವಾಪಸ್ ಇಲ್ಲ. ಊಟ ಬೇರೆ, ದೊಡ್ಡವರಿಗೆ ದಿನಕ್ಕೆ 1,000, ಮಕ್ಕಳಿಗೆ 500. ಇವೆಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ಅಂದೆ, ಕಳಿಸಿದರು. ಮುಂಗಡ ಹಾಕಿದೆ. ಸದ್ಯ, ಕೆಲಸ ಮುಗಿಯಿತು ಅಂದುಕೊಂಡೆ.

ನಾವು ಮಾಡಿದ ದೊಡ್ಡ ತಪ್ಪು ಇದೇ. ಮನೆ ಹಿಡಿದೆವು, ಬೆಟ್ಟ ಹಿಡಿಯಲಿಲ್ಲ.

ಭಾವ ಇಪ್ಪತ್ತು ವರ್ಷದ ಹಿಂದೆ ಕಾಲೇಜು ಹುಡುಗರ ಜೊತೆ ತಡಿಯಂಡಮೋಳ್‌ಗೆ ಹೋದವರು. ಬಸ್ ಇಳಿದು ಕೈಕಂಬದಿಂದ ಸುಮ್ನೆ ನಡೆದು ಹೋಗಿದ್ದರಂತೆ, ಯಾರೂ ಕೇಳಿರಲಿಲ್ಲವಂತೆ. ಈಗ ಹಾಗಿಲ್ಲ. 2024ರ ಜನವರಿಯಲ್ಲಿ, ಇದೇ ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರ ಪರ್ವತಕ್ಕೆ ಜಾತ್ರೆಯ ಹಾಗೆ ಜನ ನುಗ್ಗಿದ ವಿಡಿಯೋ ಎಲ್ಲರೂ ನೋಡಿದ್ದೇವೆ. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ಮಾಡಿತು. ಅರಣ್ಯ ವಿಹಾರ ಅನ್ನುವ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು, ಒಂದು ದಾರಿಗೆ ದಿನಕ್ಕೆ ಇಂತಿಷ್ಟೇ ಜನ. ಈ ವಿಷಯ ಗೊತ್ತಿದ್ದದ್ದು ಭಾವನ ಮಗಳಿಗೆ. ಅವಳು ಹೇಳಿದ್ದು ಮುಂಗಡ ಹೋದ ಹತ್ತು ದಿನದ ಮೇಲೆ, ಊಟಕ್ಕೆ ಕೂತಾಗ, ಹಪ್ಪಳ ಮುರಿಯುತ್ತಾ. "ಚಿಕ್ಕಮ್ಮ, ಟಿಕೆಟ್ ಆಯ್ತಾ?" ಯಾವ ಟಿಕೆಟ್ ಅಂತ ನಾನು.

ನೋಡಿದರೆ ಶನಿವಾರ ಭರ್ತಿ. ಭಾನುವಾರ ಭರ್ತಿ. ಸೋಮವಾರ ಮೂರು ಉಳಿದಿತ್ತು. ನಾವು ಕೂತು ಒಂಬತ್ತು ಜನರ ಗುರುತಿನ ಚೀಟಿ ನಂಬರ್ ಹುಡುಕುವುದರೊಳಗೆ ಆ ಮೂರೂ ಇಲ್ಲ.

ಆಮೇಲೆ ಹದಿನೆಂಟು ದಿನ ನನಗೆ ಅದೇ ಉದ್ಯೋಗ. ಬೆಳಗ್ಗೆ ಹಾಲು ಕಾಯಿಸುವಾಗ ಒಮ್ಮೆ, ಆಫೀಸಿನಲ್ಲಿ ಎರಡು ಸಲ, ಮಲಗುವ ಮುಂಚೆ ಒಮ್ಮೆ ತೆಗೆದು ನೋಡುವುದು. ಒಂದು ರಾತ್ರಿ ಹತ್ತೂ ಮುಕ್ಕಾಲಿಗೆ ಸೋಮವಾರಕ್ಕೆ ಆರು ಜಾಗ ಖಾಲಿ ತೋರಿಸಿತು. ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟಿರಬೇಕು. ಈ ಸಲ ಎಲ್ಲರ ವಿವರ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ, ಐದು ನಿಮಿಷದಲ್ಲಿ ಮುಗಿಸಿದೆವು. ಅತ್ತೆ, ಓರಗಿತ್ತಿ, ನನ್ನ ಏಳು ವರ್ಷದ ಮಗಳು ಮನೆಯಲ್ಲೇ ಉಳಿಯೋದು, ಮಿಕ್ಕ ಆರು ಜನ ಹತ್ತೋದು ಅಂತಾಯಿತು. ಮನೆ ಬಾಡಿಗೆ ಮುಂದೆ ಟಿಕೆಟ್ ದುಡ್ಡು ಏನೂ ಅಲ್ಲ. ಆದರೆ ಟಿಕೆಟ್ ಇಲ್ಲದಿದ್ದರೆ ಮೂವತ್ತಾರು ಸಾವಿರದ ಮನೆ ಸುಮ್ನೆ ಬೆಟ್ಟ ನೋಡಿಕೊಂಡು ಕೂರಲು. ಮೊದಲು ಟಿಕೆಟ್ ದಿನ ನೋಡಿ, ಆಮೇಲೆ ಮನೆ ಹುಡುಕಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ, ಜೋರು ಮಳೆಯಲ್ಲೂ ನಿಲ್ಲಿಸುತ್ತಾರೆ, ಅದನ್ನೂ ವಿಚಾರಿಸಿಕೊಳ್ಳಿ.

ಸೋಮವಾರ ಅಂದಾಗ ಇನ್ನೊಂದು ತೊಡಕು ಬಂತು. ಮನೆ ಖಾಲಿ ಮಾಡಬೇಕಾದದ್ದೂ ಸೋಮವಾರವೇ, ಬೆಳಗ್ಗೆ ಹನ್ನೊಂದಕ್ಕೆ! ಆ ಹೊತ್ತಿಗೆ ನಾವು ಬೆಟ್ಟದ ಮೇಲಿರುತ್ತೇವೆ. ಯಜಮಾನಿಗೆ ಫೋನ್ ಮಾಡಿದೆ. "ಅರ್ಧ ದಿನಕ್ಕೆ ಮೂರು ಸಾವಿರ ಕೊಡಿ, ಸಾಮಾನು ಜಗಲಿಯಲ್ಲಿಡಿ, ಅಜ್ಜಿ ಆರಾಮಾಗಿ ಕೂತಿರ್ಲಿ" ಅಂದರು. ಚೌಕಾಸಿ ಮಾಡಲು ನೋಡಿದೆ. "ಕಾಫಿ ಕುಯ್ಲು ಟೈಮು ಮೇಡಂ, ಆಳು ಸಿಗಲ್ಲ, ಕೋಣೆ ಸ್ವಚ್ಛ ಮಾಡೋರನ್ನ ಒಂದು ಹೊತ್ತು ನಿಲ್ಲಿಸಿಕೊಳ್ಳೋದೇ ಕಷ್ಟ" ಅಂದರು. ಒಪ್ಪಿಕೊಂಡೆ.

ಇದರ ಮಧ್ಯೆ ದಾಖಲೆ. ಒಂಬತ್ತು ಜನರದ್ದೂ ಗುರುತಿನ ಚೀಟಿ ಮೊದಲೇ ಕಳಿಸಿ ಅಂದರು, ಅಲ್ಲಿ ಹೋದ ಮೇಲೆ ರಿಜಿಸ್ಟರಿನಲ್ಲಿ ಎಲ್ಲರ ಹೆಸರು, ಗಾಡಿ ನಂಬರ್ ಬರೆಸಿದರು. ನಮ್ಮ ಅಮೆರಿಕದವನದ್ದು ಅಲ್ಲಿಯ ಪಾಸ್‌ಪೋರ್ಟ್. ವಿದೇಶಿ ಪಾಸ್‌ಪೋರ್ಟಿನವರು ಬಂದರೆ ಮನೆಯವರು 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ತುಂಬಬೇಕು. ಇದನ್ನು ಮೊದಲೇ ಹೇಳಿ. ನಾವು ಹೇಳಿರಲಿಲ್ಲ. ಶುಕ್ರವಾರ ರಾತ್ರಿ ಯಜಮಾನಿಯ ಗಂಡ, ಸೈನ್ಯದಿಂದ ನಿವೃತ್ತರಾದವರು, ತಲೆಗೆ ಮಫ್ಲರ್ ಸುತ್ತಿಕೊಂಡು ಗೇಟಿನ ಹತ್ತಿರ ಒಂದು ಕರಿಮೆಣಸಿನ ಬಳ್ಳಿ ಹಬ್ಬಿದ ಮರದ ಕೆಳಗೆ ಲ್ಯಾಪ್‌ಟಾಪ್ ಎತ್ತಿ ಹಿಡಿದು ನಿಂತಿದ್ದರು. ಆ ತೋಟಕ್ಕೆಲ್ಲ ನೆಟ್‌ವರ್ಕ್ ಸಿಗುವುದು ಆ ಮರದ ಕೆಳಗೆ ಮಾತ್ರ. ಪಾಸ್‌ಪೋರ್ಟ್ ಫೋಟೋ ಅಪ್‌ಲೋಡ್ ಆಗುವ ಹೊತ್ತಿಗೆ ಒಂಬತ್ತೂವರೆ. ಒಂದು ಮಾತು ಗೊಣಗಲಿಲ್ಲ. ನನಗೇ ನಾಚಿಕೆ ಆಯಿತು.

ದಾರಿಯ ಕಥೆ ಹೆಚ್ಚಿಲ್ಲ. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಅಲ್ಲಿಂದ ಕಕ್ಕಬ್ಬೆ, ಹತ್ತಿರ ಹತ್ತಿರ 130 ಕಿ.ಮೀ. ಮಧ್ಯಾಹ್ನ ಎರಡಕ್ಕೆ ಹೊರಡಬೇಕಿತ್ತು, ಹೊರಟಿದ್ದು ನಾಲ್ಕಕ್ಕೆ. ಕೊನೆಯ ಒಂದೂವರೆ ಕಿಲೋಮೀಟರ್ ತೋಟದ ಮಣ್ಣು ರಸ್ತೆ, ಭಾವನ ಕಾರಿನ ಹೊಟ್ಟೆ ಎರಡು ಸಲ ಕಲ್ಲಿಗೆ ಉಜ್ಜಿತು. ತೋಟದ ಗೇಟಿಗೆ ನೂರು ಗಜ ಇರುವಾಗ ಒಬ್ಬರು ಟಾರ್ಚ್ ಬೀಸಿ ನಿಲ್ಲಿಸಿದರು. ಮುಂದೆ ಆನೆ. ಲೈಟ್ ಆರಿಸಿ, ಗ್ಲಾಸ್ ಏರಿಸಿ, ನಲವತ್ತು ನಿಮಿಷ ಕತ್ತಲಲ್ಲಿ ಕೂತೆವು. ನಮಗೆ ಆನೆ ಕಾಣಲಿಲ್ಲ, ಬೈನೆ ಮರ ಮುರಿಯುವ ಲಟಲಟ ಸದ್ದು ಮಾತ್ರ. ಮಗಳು ನನ್ನ ಸೆರಗು ಬಿಡಲಿಲ್ಲ. ಕತ್ತಲಾಗುವ ಮುಂಚೆ ತಲುಪಿ ಅಂತ ಮನೆಯವರು ಹೇಳಿದರೆ, ಅದು ಬಾಯಿಮಾತಿಗೆ ಹೇಳುವುದಲ್ಲ.

ಮನೆ ಮಾತ್ರ ಫೋಟೋದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿತ್ತು. ಯಜಮಾನರ ಅಜ್ಜನ ಕಾಲದ್ದು. ಮಂಗಳೂರು ಹಂಚು, ಕೆಂಪು ಕಾವಿ ನೆಲ, ಮರದ ಅಟ್ಟ. ಮುಂಚೆ ಭತ್ತ ತುಂಬುತ್ತಿದ್ದ ಕೋಣೆಯನ್ನು ಮಲಗುವ ಕೋಣೆ ಮಾಡಿದ್ದಾರೆ, ಗೋಡೆಗೆ ಸುಣ್ಣ ಬಳಿದರೂ ಒಂದು ಮೂಲೆ ಹಾಗೇ ಬಿಟ್ಟಿದ್ದಾರೆ. ಅಲ್ಲಿ ಇದ್ದಿಲಲ್ಲಿ ಎಳೆದ ಗೀಟುಗಳು, ಐದೈದರ ಗುಂಪು, ಎಷ್ಟು ಬಟ್ಟಿ ಭತ್ತ ಒಳಗೆ ಹೋಯಿತು ಅನ್ನೋ ಲೆಕ್ಕ. ಅತ್ತೆ ಅದರ ಮುಂದೆ ನಿಂತು ಬೆರಳಿಟ್ಟು ಎಣಿಸಿದರು. ಚಾವಣಿಯಲ್ಲಿ ಒಂದು ಗಾಜಿನ ಹಂಚು. ಬೆಳಗ್ಗೆ ಅದರಿಂದ ಬಿದ್ದ ಬಿಸಿಲಿನ ಚೌಕ ಹಾಸಿಗೆ ಮೇಲಿಂದ ನೆಲಕ್ಕಿಳಿದು, ಮೆಲ್ಲಗೆ ಬಾಗಿಲ ಕಡೆ ಹೋಗುತ್ತಿತ್ತು. ಬಾಗಿಲುಗಳು ಗಿಡ್ಡ, ಭಾವ ಮೂರು ದಿನದಲ್ಲಿ ನಾಲ್ಕು ಸಲ ಹಣೆ ಹೊಡೆದುಕೊಂಡರು. ನಮ್ಮ ಅಮೆರಿಕದವನು ಅಲ್ಲಿ ಸ್ಕೀ ಮಾಡಲು ಹೋದಾಗ ಶ್ಯಾಲೆಯಲ್ಲಿ ಇದ್ದವನು. ಚಾವಣಿಯನ್ನು ನೋಡಿ, ಅಲ್ಲಿ ಇಳಿಜಾರು ಹಿಮಕ್ಕೆ, ಇಲ್ಲಿ ಮಳೆಗೆ, ಅಷ್ಟೇ ವ್ಯತ್ಯಾಸ ಅಂದ. ಅಲ್ಲಿ ಗುಡ್ಡಕ್ಕೆ ಲಿಫ್ಟಿನಲ್ಲಿ ಹೋಗಿ ಜಾರಿಕೊಂಡು ಬರ್ತಾರಂತೆ. "ಆಮೇಲೆ ಕಾಲು ಯಾಕೆ ನೋಯುತ್ತೆ?" ಅಂತ ಅತ್ತೆ ಕೇಳಿದ್ದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ.

ಜನವರಿಯಲ್ಲಿ ಹೋಗುವವರಿಗೆ ಒಂದು ಮಾತು. ಅದು ಕಾಫಿ ಕೊಯ್ಲಿನ ಕಾಲ. ಮನೆ ಮುಂದಿನ ಕಣದ ತುಂಬಾ ಹಣ್ಣು ಹರವಿರುತ್ತಾರೆ, ಹುಳಿ ಹುಳಿ ವಾಸನೆ, ಎರಡನೇ ದಿನಕ್ಕೆ ಅದು ಮೂಗಿಗೆ ಗೊತ್ತೇ ಆಗಲ್ಲ. ಕಾರು ನಿಲ್ಲಿಸಲು ಜಾಗ ಇಲ್ಲ, ಗೇಟಿನ ಹತ್ತಿರವೇ ಬಿಟ್ಟು ಸಾಮಾನು ಹೊರಬೇಕಾಯಿತು. ನನ್ನ ಮಕ್ಕಳು ಶನಿವಾರ ಬೆಳಗ್ಗೆ ಎದ್ದವರೇ ಅದರ ಮೇಲೆ ಓಡಿದರು, ಕಾಲಿನ ಕೆಳಗೆ ಪಚಪಚ ಅನ್ನುತ್ತೆ ಅಂತ ಇನ್ನೂ ಎರಡು ಸುತ್ತು. ಯಜಮಾನಿ ಬಂದು ಗದರಲಿಲ್ಲ, ಕೈಗೆ ಮರದ ಹಲುಬೆ ಕೊಟ್ಟು, "ಕೆದಕಿದೀರಲ್ಲ, ಈಗ ಸರಿ ಮಾಡಿ" ಅಂದರು. ಮಕ್ಕಳಿಗೆ ಅರ್ಧ ಗಂಟೆ ಅದೇ ಆಟ.

ಊಟಕ್ಕೆ ಹೇಳಿಬಿಡುವುದು ಒಳ್ಳೆಯದು. ಅತ್ತೆ ಸಸ್ಯಾಹಾರಿ, ಭಾವನಿಗೆ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು ಬೇಕು. ಎರಡಕ್ಕೂ ಬೇರೆ ಪಾತ್ರೆ ಇಟ್ಟರು, ಕೇಳಿದ್ದಕ್ಕೇ ಇಟ್ಟರು. ಅಕ್ಕಿ ರೊಟ್ಟಿ, ಶಾವಿಗೆಯಂಥ ನೂಪುಟ್ಟು, ಅಕ್ಕಿ ತರಿಯ ಉಂಡೆ ಕಡಂಬುಟ್ಟು. ಬಿಸಿನೀರು ಹಂಡೆಯದ್ದು, ಮೂರು ಜನ ಸ್ನಾನ ಮಾಡಿದ ಮೇಲೆ ಮುಕ್ಕಾಲು ಗಂಟೆ ಕಾಯಬೇಕು, ಒಂಬತ್ತು ಜನ ಇದ್ದರೆ ಲೆಕ್ಕ ಹಾಕಿಕೊಳ್ಳಿ. ಭಾನುವಾರ ಸಂಜೆ ಕರೆಂಟ್ ಹೋಯಿತು. ಜನರೇಟರ್ ಗಂಟೆಗೆ 300, ಎರಡು ಗಂಟೆ ಹಾಕಿಸಿದೆವು. ಹುಡುಗರಿಗೆ ಬೆಂಕಿ ಹಾಕಿ ಕೂರುವ ಆಸೆ ಇತ್ತು, ಒಣಗಿದ ತೋಟದಲ್ಲಿ ಬೆಂಕಿ ಇಲ್ಲ ಅಂತ ಯಜಮಾನರು ಖಡಾಖಂಡಿತವಾಗಿ ಹೇಳಿದರು. ಸರಿಯೇ.

ಸೋಮವಾರ ಬೆಳಗ್ಗೆ ಐದೂವರೆಗೆ ಜೀಪ್. ಹೋಗಿ ಬರಲು 3,600. ನಾಲ್ಕುನಾಡು ಅರಮನೆ ಹತ್ತಿರ ಇಳಿದಾಗ ಬಾಯಿಂದ ಹೊಗೆ ಬರುವಷ್ಟು ಚಳಿ. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು, 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಇಲ್ಲಿ ಬಂದು ಅಡಗಿದ್ದ. ಅರಮನೆ ಅಂದರೆ ಮೈಸೂರಿನವರು ನಾವು ಏನೇನೋ ಅಂದುಕೊಂಡಿರುತ್ತೇವೆ, ಇದು ಎರಡಂತಸ್ತಿನ ಹಂಚಿನ ಮನೆ, ಬೆಟ್ಟದ ಬುಡದಲ್ಲಿ ಬೆನ್ನು ಕೊಟ್ಟು ಕೂತ ಹಾಗಿದೆ. ಅಡಗುವವನಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲಾರದು.

ಚೆಕ್‌ಪೋಸ್ಟ್‌ನಲ್ಲಿ ಮತ್ತೊಂದು. ಟಿಕೆಟ್ ಮೊಬೈಲಿನಲ್ಲಿ ಮೇಲ್‌ನೊಳಗಿದೆ, ನೆಟ್‌ವರ್ಕ್ ಇಲ್ಲ. ಪುಣ್ಯಕ್ಕೆ ನಮ್ಮನೆಯವರು ಒಂದು ಪ್ರಿಂಟ್ ಬ್ಯಾಗಿನಲ್ಲಿ ಮಡಚಿಟ್ಟಿದ್ದರು. ಅದನ್ನು ನೋಡಿದ ಗಾರ್ಡ್, "ಚಿನ್ನು ಅಂದ್ರೆ ಯಾರು?" ಅಂದರು. ರಾತ್ರಿ ಹತ್ತೂ ಮುಕ್ಕಾಲರ ಗಡಿಬಿಡಿಯಲ್ಲಿ ಭಾವನ ಮಗಳ ಹೆಸರಿನ ಜಾಗದಲ್ಲಿ ಮನೆಯಲ್ಲಿ ಕರೆಯುವ ಹೆಸರನ್ನೇ ಹಾಕಿಬಿಟ್ಟಿದ್ದೆ. ಆಧಾರ್‌ನಲ್ಲಿ ಅವಳ ಮುತ್ತಜ್ಜಿಯ ಉದ್ದ ಹೆಸರು. ಅವಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಆಧಾರ್ ನಂಬರ್ ಸರಿಯಾಗಿ ಹೊಂದಿದ್ದಕ್ಕೆ ಹತ್ತು ನಿಮಿಷ ನಿಲ್ಲಿಸಿ ಬಿಟ್ಟರು. ಬ್ಯಾಗ್ ತೆರೆಸಿ ಪ್ಲಾಸ್ಟಿಕ್ ನೋಡಿದರು.

ಅರಮನೆಯಿಂದ ತುದಿಗೆ ಆರೇಳು ಕಿಲೋಮೀಟರ್. ಮೊದಲು ತೋಟ, ಆಮೇಲೆ ಕಾಡು, ಒಂದು ತೊರೆ, ಅಲ್ಲಿ ಬಾಟಲಿ ತುಂಬಿಸಿಕೊಳ್ಳಿ. ದೊಡ್ಡ ಬಂಡೆ ದಾಟಿದ ಮೇಲೆ ಬಯಲು ಹುಲ್ಲುಗುಡ್ಡ, ನೆರಳಿಲ್ಲ. ಕೊನೆಯ ಏರು ಮತ್ತೆ ಶೋಲಾ ಅನ್ನುವ ದಟ್ಟ ಕಾಡಿನೊಳಗೆ, ಬೇರು ಹಿಡಿದು ಹತ್ತಬೇಕು. ನಾನು ಅಲ್ಲಿ ಕೂತು, ನೀವು ಹೋಗಿ ಬನ್ನಿ ಅಂದೆ. "ಹದಿನೆಂಟು ದಿನ ಟಿಕೆಟ್ ಕಾದವಳು ನೀನು, ಏಳು" ಅಂತ ಭಾವ ಕೈ ಕೊಟ್ಟರು. ಹತ್ತೂ ಮುಕ್ಕಾಲಿಗೆ ಮೇಲಿದ್ದೆವು. 1,748 ಮೀಟರ್, ಕೊಡಗಿನಲ್ಲಿ ಇದಕ್ಕಿಂತ ಎತ್ತರ ಇಲ್ಲ. ಸುತ್ತ ಮಡಿಕೆ ಮಡಿಕೆ ಬೆಟ್ಟ, ಕೆಳಗೆ ಮೋಡ. ಇಳಿಯುವಾಗ ಒಣಹುಲ್ಲಿನ ಮೇಲೆ ಮಗ ಕಾಲು ಜಾರಿ ಹತ್ತಡಿ ಕೂತಲ್ಲೇ ಹೋದ. ಎದ್ದು ಪ್ಯಾಂಟ್ ಒರೆಸಿಕೊಳ್ಳುತ್ತಾ, "ದೊಡ್ಡಪ್ಪ, ಸ್ಕೀ ಆಯ್ತು" ಅಂದ. ಸ್ನೀಕರ್ಸ್ ಹಾಕಿ ಹೋಗಬೇಡಿ, ಅಟ್ಟೆ ಹಿಡಿತ ಇರುವ ಶೂ ಬೇಕೇ ಬೇಕು.

ಮನೆಗೆ ಬಂದಾಗ ಎರಡೂವರೆ. ಅತ್ತೆ ಜಗಲಿಯಲ್ಲಿ ಸೂಟ್‌ಕೇಸುಗಳ ನಡುವೆ ಕೂತು ಬೂಂದಿ ಲಾಡು ತಿನ್ನುತ್ತಿದ್ದರು. ಬೆಳಗ್ಗೆ ಹಾಡು ಕೇಳಿಸಿತಂತೆ. ಮೂವರೂ ಯಜಮಾನಿಯ ಜೊತೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಧ್ವಜವಂದನೆ ಮುಗಿಸಿ ಬಂದಿದ್ದರು. ನನ್ನ ಮಗಳ ಅಂಗಿಗೆ ಅಲ್ಲಿಯ ಟೀಚರ್ ಕಾಗದದ ಬಾವುಟ ಚುಚ್ಚಿದ್ದರು. "ನಾನು ಹೇಳ್ಲಿಲ್ವಾ, ಶಾಲೆ ಇದೆ ಅಂತ" ಅಂದರು ಅತ್ತೆ.

ಒಟ್ಟು ಖರ್ಚು ಹೇಳಿಬಿಡುತ್ತೇನೆ. ಮನೆ 36,000, ಊಟ 24,000, ಜೀಪ್ 3,600, ಅರ್ಧ ದಿನದ್ದು 3,000, ಜನರೇಟರ್ 600, ಎರಡು ಕಾರಿನ ಪೆಟ್ರೋಲ್ ಆರು ಸಾವಿರದ ಹತ್ತಿರ, ಮೋಸ ಹೋದ 3,000. ಚಾರಣದ ಟಿಕೆಟ್ ಬಿಟ್ಟು 76,200. ಹಂಚಿದರೆ ತಲೆಗೆ ಎಂಟೂವರೆ ಸಾವಿರ. ಮೋಸದ್ದನ್ನು ಹಂಚಬೇಡಿ, ಅದು ನನ್ನದು ಅಂದೆ, ಭಾವ ಕೇಳಲಿಲ್ಲ.

ಡೆಪಾಸಿಟ್ ಮೂರು ದಿನದಲ್ಲಿ ಹಾಕ್ತೀವಿ ಅಂದಿದ್ದರು. ವಾರ ಕಳೆದರೂ ಬರಲಿಲ್ಲ. ಒಮ್ಮೆ ಮೋಸ ಹೋದವಳಿಗೆ ಏನೇನು ಯೋಚನೆ ಬರುತ್ತೆ ಹೇಳಿ. ಎರಡು ಮೆಸೇಜ್ ಹಾಕಿದೆ, ಒಂದೇ ಟಿಕ್. ಒಂಬತ್ತನೇ ದಿನ 4,400 ಬಂತು. ಹಿಂದೆಯೇ ಒಂದು ಫೋಟೋ, ನೋಟ್‌ಬುಕ್ ಹಾಳೆಯಲ್ಲಿ ಕೈಯಲ್ಲಿ ಬರೆದ ಲೆಕ್ಕ: ಡೆಪಾಸಿಟ್ 5,000, ಜನರೇಟರ್ 600 ಕಳೆದು. ಕೆಳಗೆ ಇನ್ನೊಂದು ಸಾಲು, 'ಕೊಯ್ಲು ಮುಗಿಸಿ ಈಗ ಮರದ ಹತ್ತಿರ ಬಂದೆ, ಅದಕ್ಕೆ ತಡ. ಮಕ್ಕಳು ತುಳಿದ ಕಾಫಿಗೆ ಚಾರ್ಜ್ ಹಾಕಿಲ್ಲ.'